ಫ್ರಾನ್ಸಿನ ಕೊರೇಜ್‌ನಲ್ಲಿ ಕಲ್ಲಿನ ಮನೆ, ಕೊಟ್ಟಿಗೆ, 4 ಹೆಕ್ಟೇರ್ ಜಮೀನು: ತಗೊಂಡವರು ಅನುಭವ ಹೇಳಿ

ಹಾಸನದ ಹುಡುಗ:
ಎಲ್ಲರಿಗೂ ನಮಸ್ಕಾರ. ತುಲೂಜ್‌ಗೆ ಬಂದು 9 ವರ್ಷ ಆಯಿತು. ಕೊರೇಜ್‌ನಲ್ಲಿ ಒಂದು ಹಳ್ಳಿಮನೆ ಮಾರಾಟಕ್ಕಿದೆ. ದೊಡ್ಡ ಕೊಟ್ಟಿಗೆ, ಹಂದಿಗೂಡು, ಬ್ರೆಡ್ ಸುಡುವ ಒಲೆಮನೆ, ಸುತ್ತ 4 ಹೆಕ್ಟೇರ್ ಹುಲ್ಲುಗಾವಲು. 1,18,000 ಯೂರೋ ಹೇಳುತ್ತಿದ್ದಾರೆ. ಅಪ್ಪ ಅಮ್ಮ ಬಂದಾಗ ಇರಲಿ ಎಂದು ಕೊಟ್ಟಿಗೆಯನ್ನೇ ಮನೆ ಮಾಡುವ ಆಸೆ. ಮುಂದಿನ ವಾರ ಕೊಂಪ್ರೊಮಿಗೆ, ಅಂದರೆ ಕ್ರಯಕ್ಕೆ ಮೊದಲಿನ ಕರಾರಿಗೆ, ಸಹಿ. ತಗೊಳ್ಳಲಾ?

ರಾಘು:
ಬೇಡ. ನಾನು 2016ರಲ್ಲಿ ಕ್ರೋಜ್‌ನಲ್ಲಿ 72,000ಕ್ಕೆ ತಗೊಂಡೆ, ಹೋದ ವರ್ಷ 81,000ಕ್ಕೆ ಮಾರಿದೆ. ಲಾಭ ಅಂದುಕೊಳ್ಳಬೇಡಿ, ಲೆಕ್ಕ ಕೇಳಿ. ನೊತೇರ್ (ಇಲ್ಲಿ ಕ್ರಯಪತ್ರ ಮಾಡಿಕೊಡುವ ಅಧಿಕಾರಿ) ಖರ್ಚು 6,900. ಸೆಪ್ಟಿಕ್ ಟ್ಯಾಂಕ್ ನಿಯಮಕ್ಕೆ ಸರಿಯಿಲ್ಲ ಎಂದು ವರದಿಯಲ್ಲೇ ಇತ್ತು, ಕೊಂಡವನು ಒಂದು ವರ್ಷದೊಳಗೆ ಸರಿಮಾಡಿಸಬೇಕು. ಎಸ್ಟಿಮೇಟ್ 8,200. ಅಗೆದರೆ ಒಂದೂವರೆ ಅಡಿಗೇ ಬಂಡೆ! ಅದನ್ನು ಒಡೆಯುವ ಯಂತ್ರಕ್ಕೆ ಮತ್ತೆ 2,350. ಹಿಂದಿನ ಶೆಡ್ಡಿಗೆ ಹಳೇ ಅಸ್ಬೆಸ್ಟಾಸ್ ಶೀಟು. 1997ರಲ್ಲಿ ನಿಷೇಧ ಆಯಿತು, ಆದರೆ ಅದಕ್ಕೆ ಮೊದಲು ಹೊದಿಸಿದ್ದು ಹಾಗೇ ಕೂತಿರುತ್ತದಲ್ವಾ? 140 ಚದರ ಮೀಟರ್ ಇಳಿಸಲು 6,440. ಕೊಟ್ಟಿಗೆಯ ಸ್ಲೇಟು ಚಾವಣಿಗೆ 31,700. ಅರ್ಧ ಕೆಲಸಕ್ಕೆ ಮೇಸ್ತ್ರಿ ಬಿಟ್ಟು ಹೋದ. ಎರಡನೇ ಚಳಿಗಾಲವೂ ಟಾರ್ಪಾಲಿನ ಕೆಳಗೆ.
ದುಡ್ಡು ಹೋಗಲಿ. ಎಂಟು ವರ್ಷ ರಜೆ ಅಂದರೆ ಅಲ್ಲಿ ಹೋಗಿ ಹುಲ್ಲು ಕತ್ತರಿಸುವುದೇ. ಮಗಳಿಗೆ ಒಂದು ಬೇಸಿಗೆಯಲ್ಲೂ ಸಮುದ್ರ ತೋರಿಸಲಿಲ್ಲ.

ತೀರ್ಥಹಳ್ಳಿ ಅಕ್ಕ:
ರಾಘು ಅವರೇ, ಬೇಸಿಗೆಗೆ ಮಾತ್ರ ಹೋಗಿ ಬರುವವರಿಗೆ ಕಲ್ಲಿನ ಮನೆ ಒಲಿಯುವುದಿಲ್ಲ. ನಾವು ಲಿಮೋಜ್ ಹತ್ತಿರ 14 ವರ್ಷದಿಂದ ಅದರೊಳಗೇ ಇದ್ದೇವೆ. ಹಿಂದಿನವರು ಗೋಡೆಗೆಲ್ಲ ಸಿಮೆಂಟು ಮೆತ್ತಿದ್ದರು. ನೆಲದಿಂದ ಸೊಂಟದ ಎತ್ತರಕ್ಕೆ ತೇವ, ಬೀರುವಿನ ಸೀರೆಗೆ ಬೂಷ್ಟು. ತೀರ್ಥಹಳ್ಳಿ ಮಳೆ ಕಂಡವಳು ನಾನು, ಅಲ್ಲೂ ಇಂಥ ಬೂಷ್ಟು ನೋಡಿರಲಿಲ್ಲ. ಸಿಮೆಂಟನ್ನು ನಾನೂ ನಮ್ಮವರೂ ಸೇರಿ ಉಳಿ ಸುತ್ತಿಗೆಯಲ್ಲಿ ಕೆತ್ತಿ ತೆಗೆದೆವು. ಸುಣ್ಣದ ಗಾರೆ ಹಾಕಿದೆವು, 212 ಚೀಲ. ಒಂದೊಂದು ರಸೀದಿಯೂ ಇದೆ. ಮೂರನೇ ವರ್ಷಕ್ಕೆ ಗೋಡೆ ಒಣಗಿತು. ಒಲೆಮನೆಯಲ್ಲಿ ಈಗ ಭಾನುವಾರ ಭಾನುವಾರ ಬ್ರೆಡ್ ಸುಡುತ್ತೇನೆ, ಊರಿನ ಮೂರು ಮನೆಯವರು ಹಿಟ್ಟು ನಾದಿಕೊಂಡು ತರುತ್ತಾರೆ. ಕಣ್ಣು ಮುಚ್ಚಿ ತಗೊಳ್ಳಿ ತಮ್ಮಾ.

ರಾಘು:
ಕಣ್ಣು ಮುಚ್ಚಿ ತಗೊಂಡೇ ನಾನು ಕೆಟ್ಟಿದ್ದು ಅಕ್ಕ. ನಿಮ್ಮ ಮನೆಯವರಿಗೆ ಉಳಿ ಹಿಡಿಯಲು ಬರುತ್ತದೆ. ವಾರಕ್ಕೆ ಐದು ದಿನ ಆಫೀಸಿಗೆ ಹೋಗುವವನು 212 ಚೀಲ ಎಲ್ಲಿಂದ ಕಲಸಬೇಕು?

ಮಂಡ್ಯ ಸ್ವಾಮಿ:
ಮನೆಗಿಂತ ಜಮೀನು ಕಷ್ಟ. ನನ್ನದು ದೋರ್ದೋಞದಲ್ಲಿ 5.5 ಹೆಕ್ಟೇರ್. ಜಮೀನು ಜಾಸ್ತಿ ಇದ್ದದ್ದಕ್ಕೆ ಸಫೇರ್‌ಗೆ (ಕೃಷಿ ಜಮೀನು ಮಾರುವಾಗ ಬೇಕಿದ್ದರೆ ತಾನೇ ಮೊದಲು ಕೊಳ್ಳಬಹುದಾದ ಸಂಸ್ಥೆ) ನೋಟಿಸು ಹೋಯಿತು, ಅವರಿಗೆ ಎರಡು ತಿಂಗಳು ಕಾಲಾವಕಾಶ. ಕಾದೆ, ಏನೂ ಆಗಲಿಲ್ಲ. ಆಮೇಲೆ ನಾನೇ ಕೆಡಿಸಿಕೊಂಡೆ. ಪಕ್ಕದ ರೈತ ಬಂದು ‘ದನ ಮೇಯಿಸಿಕೊಳ್ಳಲಾ’ ಎಂದ. ರೈತರ ಮಗ ನಾನು, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಕಾಗದ ಪತ್ರ ಇಲ್ಲ. ಬದಲಿಗೆ ವರ್ಷಕ್ಕೆ ಎರಡು ಟ್ರೈಲರ್ ಸೌದೆ ಕೊಡುತ್ತಿದ್ದ. ಆರನೇ ವರ್ಷ ಹಣ್ಣಿನ ಗಿಡ ಹಾಕೋಣ ಎಂದು ಹೋದರೆ ವಕೀಲರು ಹೇಳಿದರು: ಸೌದೆ ತಗೊಂಡಿದ್ದೀರಿ, ಅದೇ ಗೇಣಿ, ಬಾಯಿಮಾತಿನ ಗೇಣಿಯೂ 9 ವರ್ಷದ್ದೇ, ಮುಗಿದರೆ ತಾನಾಗಿ ಮುಂದುವರಿಯುತ್ತದೆ. ಮಾರಿದರೂ ಮೊದಲ ಹಕ್ಕು ಅವನದೇ. ವಕೀಲರಿಗೆ ಇದುವರೆಗೆ 3,180 ಕೊಟ್ಟಿದ್ದೇನೆ. ನನ್ನ ಹುಲ್ಲುಗಾವಲನ್ನು ಬೇಲಿಯಾಚೆ ನಿಂತು ನೋಡಬೇಕು.

ವೀಣಾ, ಲಿಯೋಂ:
ನನಗೆ ಮನೆಯೂ ಇಲ್ಲ, ಜಮೀನೂ ಇಲ್ಲ. ಮೈಸೂರಿನ ಸೈಟು ಮಾರಿ ಆ ದುಡ್ಡಲ್ಲಿ ಕೊಳ್ಳೋಣ ಎಂದುಕೊಂಡಿದ್ದೆ. ಅನಿವಾಸಿಗಳ ಎನ್‌ಆರ್‌ಒ ಖಾತೆ, ದುಡ್ಡು ಹೊರದೇಶಕ್ಕೆ ಕಳಿಸಲು 15ಸಿಎ, 15ಸಿಬಿ ಫಾರಂ, ತೆರಿಗೆ ಕಡಿತದ ಟಿಡಿಎಸ್, ಒಂದೊಂದಕ್ಕೂ ಒಂದೊಂದು ವಾರ. ದುಡ್ಡು ಬಂದ ಮೇಲೆ ನೊತೇರ್ ಕಡೆಯವರು ಎಲ್ಲಿಂದ ಬಂತು ಎಂದು ಕೇಳಿದರು. ಕನ್ನಡದ ಕ್ರಯಪತ್ರವನ್ನು ಫ್ರೆಂಚಿಗೆ ಅನುವಾದ ಮಾಡಿಸಲು 640 ಯೂರೋ. ಅಷ್ಟರಲ್ಲಿ ಕೊಂಪ್ರೊಮಿಯ ಗಡುವು ದಾಟಿತು. ಮಾರುವವರು ಬೇರೆಯವರಿಗೆ ಕೊಟ್ಟುಬಿಟ್ಟರು.

ತೀರ್ಥಹಳ್ಳಿ ಅಕ್ಕ:
ಅಪ್ಪ ಕೊಡಿಸಿದ ಸೈಟನ್ನು ಮಾರಬಾರದಿತ್ತು ವೀಣಾ. ಇಲ್ಲಿಯದು ಇಲ್ಲಿ, ಅಲ್ಲಿಯದು ಅಲ್ಲಿ.

ವೀಣಾ, ಲಿಯೋಂ:
ಅಪ್ಪ ಕೊಡಿಸಿದ್ದಲ್ಲ, ನನ್ನ ಸಂಬಳದ ಸೈಟು. 2009ರಿಂದ ಕಂತು ಕಟ್ಟಿದವಳು ನಾನು. ಗೊತ್ತಿಲ್ಲದೆ ಮಾತಾಡಬೇಡಿ ಅಕ್ಕ, ನೋವಾಗುತ್ತದೆ.

ಮಂಡ್ಯ ಸ್ವಾಮಿ:
ಅಕ್ಕ ಹೇಳಿದ್ದರಲ್ಲಿ ತಪ್ಪೇನಿದೆ? ನಾವೆಲ್ಲ ಒಂದು ತುಂಡು ನೆಲ ಊರಲ್ಲಿ ಇಟ್ಟುಕೊಂಡೇ ಬಂದವರು.

ವೀಣಾ, ಲಿಯೋಂ:
ಇರುವ ನೆಲಕ್ಕೇ ಗೇಣಿ ಬರೆದುಕೊಟ್ಟಂತೆ ಮಾಡಿಕೊಂಡವರು ನನಗೆ ನೆಲದ ಪಾಠ ಹೇಳಬೇಡಿ ಸ್ವಾಮಿ.

ರಾಘು:
ಜಗಳ ಸಾಕು. ತಮ್ಮಾ, ಕೊಟ್ಟಿಗೆ ಕೃಷಿ ವಲಯದಲ್ಲಿದ್ದರೆ ಅದನ್ನು ಮನೆ ಮಾಡಲು ಸುಮ್ನೆ ಬಿಡುವುದಿಲ್ಲ. ಸರ್ತಿಫಿಕಾ ದ್ಯುರ್ಬಾನಿಸ್ಮ್ (ಆ ಜಾಗದಲ್ಲಿ ಏನು ಕಟ್ಟಬಹುದು ಎಂದು ಹೇಳುವ ಸರ್ಕಾರಿ ಪತ್ರ) ಅರ್ಜಿ ಹಾಕಿ, ಎರಡು ತಿಂಗಳು ಬೇಕು. ಆ ಅನುಮತಿ ಸಿಕ್ಕರೆ ಮಾತ್ರ ಕೊಳ್ಳುತ್ತೇನೆ ಎಂಬ ಷರತ್ತು ಕೊಂಪ್ರೊಮಿಯಲ್ಲೇ ಬರೆಸಿ. ಸಹಿಯಾದ ಮೇಲೆ ಹಿಂದೆ ಸರಿಯಲು 10 ದಿನ ಇದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಬುದ್ಧಿ ಬಂದದ್ದು ಹನ್ನೊಂದನೇ ದಿನ.

ತೀರ್ಥಹಳ್ಳಿ ಅಕ್ಕ:
ವೀಣಾ, ತಪ್ಪಾಯಿತು. ಸಂಬಳದ ಸೈಟು ಎಂದು ಗೊತ್ತಿರಲಿಲ್ಲ.

ಹಾಸನದ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಸ್ವಾಮಿ ಸರ್, ನಿಮ್ಮದನ್ನು ಓದಿ ಜಾಹೀರಾತಿನ ಫೋಟೋ ಮತ್ತೆ ತೆಗೆದು ನೋಡಿದೆ. ಹುಲ್ಲುಗಾವಲಿನಲ್ಲಿ ಒಂಬತ್ತು ಕಂದು ದನ ಇವೆ. ಆ ಮನೆಯಲ್ಲಿದ್ದ ಮಾಲೀಕರು ತೀರಿಕೊಂಡು ನಾಲ್ಕು ವರ್ಷ ಆಗಿದೆ. ದನ ಯಾರವು ಎಂದು ನಾನು ಕೇಳಿಯೇ ಇಲ್ಲ.

ಮಂಡ್ಯ ಸ್ವಾಮಿ:
ಸಹಿ ಹಾಕಬೇಡಿ. ಜಮೀನಿಗೆ ಗೇಣಿದಾರ ಇಲ್ಲ ಎಂದು ನೊತೇರ್ ಹತ್ತಿರ ಬರೆಸಿಕೊಂಡ ಮೇಲೆಯೇ ಪೆನ್ನು ಮುಟ್ಟಿ. ಆ ದನದ ಯಜಮಾನರ ಮನೆಗೆ ಮೊದಲು ನೀವೇ ಹೋಗಿ, ಒಂದು ಕಾಫಿ ಕುಡಿದು ಕೇಳಿ.

ತೀರ್ಥಹಳ್ಳಿ ಅಕ್ಕ:
ಹೋದಾಗ ಗೋಡೆಯನ್ನೂ ಮುಟ್ಟಿ ನೋಡಿ. ಸಿಮೆಂಟು ಇದ್ದರೆ ನನಗೆ ಹೇಳಿ.

ರಾಘು:
ಸಿಮೆಂಟು ಇದ್ದರೂ ಮನೆ ನಿಲ್ಲುತ್ತದೆ ಅಕ್ಕ. ನನ್ನದು ನಿಂತಿತ್ತು.

ತೀರ್ಥಹಳ್ಳಿ ಅಕ್ಕ:
ನಿಂತಿದ್ದರೆ ಯಾಕೆ ಮಾರಿದಿರಿ?