ಎಸ್ಟಿಯೆನ್ ಅನಾಟಮಿ ಚಿತ್ರಗಳಲ್ಲಿ ಹೊಟ್ಟೆ ಸುತ್ತ ಚೌಕದ ಗೆರೆ ಯಾಕೆ?

ಬಿಳಿಕೋಟು:
ಶಾರ್ಲ್ ಎಸ್ಟಿಯೆನ್ ಅಂತ ಒಬ್ಬ ಫ್ರೆಂಚ್ ಡಾಕ್ಟ್ರು, ಅವನ ಅನಾಟಮಿ ಪುಸ್ತಕದ ಸ್ಕ್ಯಾನ್ ನೋಡ್ತಾ ಇದೀನಿ, 1545ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾಗಿದ್ದು. ಒಂದು ಚಿತ್ರದಲ್ಲಿ ಹೆಂಗಸೊಬ್ಬಳು ಆರಾಮಾಗಿ ಒರಗಿದಾಳೆ, ಹೊಟ್ಟೆ ಮಾತ್ರ ಸೀಳಿದೆ, ಆದ್ರೆ ಆ ಭಾಗದ ಸುತ್ತ ಚೌಕಾಕಾರದಲ್ಲಿ ಸಣ್ಣ ಗೆರೆ, ಒಳಗಿನ ಗೀಟುಗಳು ಹೊರಗಿನವಕ್ಕೆ ಸರಿಯಾಗಿ ಕೂಡೋದೂ ಇಲ್ಲ. ಸ್ಕ್ಯಾನ್ ಪ್ರಾಬ್ಲಮ್ಮಾ, ಇಲ್ಲ ಆಮೇಲೆ ಯಾರಾದ್ರೂ ಅಂಟಿಸಿದ್ದಾ? ಪೇಜ್ ತುಂಬಾ ಮಂಚ ಪರದೆ ಎಲ್ಲಾ ಇದೆ, ಕಲಿಯೋಕೆ ಬೇಕಾಗಿರೋ ಭಾಗ ಮಾತ್ರ ಇಷ್ಟೇ ಇಷ್ಟು.

ಮರದಚ್ಚು:
ಸ್ಕ್ಯಾನ್ ಸರಿಯಾಗೇ ಇದೆ. ಅವೆಲ್ಲಾ ಮರದಚ್ಚಿನ ಚಿತ್ರಗಳು. ಪೂರ್ತಿ ಆಕೃತಿ ಕೆತ್ತಿದ ಬ್ಲಾಕ್‌ನಲ್ಲಿ ಹೊಟ್ಟೆಯ ಜಾಗವನ್ನ ಚೌಕವಾಗಿ ಕತ್ತರಿಸಿ ತೆಗೆದು, ಒಳಗಿನ ಅಂಗಗಳನ್ನ ಬೇರೆ ತುಂಡಲ್ಲಿ ಕೆತ್ತಿ ಆ ತೂತಿಗೆ ಕೂರಿಸಿದಾರೆ, ಎಷ್ಟೇ ಬಿಗಿಯಾಗಿ ಕೂರಿಸಿದ್ರೂ ಸಂದು ಅಚ್ಚಲ್ಲಿ ಕಾಣತ್ತೆ. ಹೆಂಗಸರ ಭಂಗಿ ಬಂದಿರೋದು ಇನ್ನೊಂದು ಕಡೆಯಿಂದ, ಇಟಲಿಯ ಕರಾಲಿಯೋ ಅನ್ನೋ ಚಿತ್ರ ಕೆತ್ತೋನು ದೇವತೆಗಳ ಪ್ರಣಯದ ಬಗ್ಗೆ ಒಂದು ಚಿತ್ರಸರಣಿ ಮಾಡಿದ್ದ, ಪೆರಿನೋ ದೆಲ್ ವಾಗ ಅನ್ನೋ ಚಿತ್ರಕಾರನ ಡ್ರಾಯಿಂಗ್ ನೋಡಿ, ಅದರಲ್ಲಿದ್ದ ಗಂಡು ದೇವರನ್ನ ಎತ್ತಿಬಿಟ್ಟು ಹೆಣ್ಣನ್ನ ಮಾತ್ರ ಇಟ್ಕೊಂಡಿದಾರೆ. ಹೆಣ ಸೀಳಿ ನೋಡಿ ಬರೆದ ಭಂಗಿ ಅಲ್ವೇ ಅಲ್ಲ, ಮಂಚ ಪರದೆ ಯಾಕೆ ಅಂತ ಈಗ ಗೊತ್ತಾಯ್ತಲ್ಲ!

ಬಿಳಿಕೋಟು:
ಅಯ್ಯೋ, ಹಾಗಿದ್ರೆ ವೆಸಾಲಿಯಸ್ ಅನ್ನೋ ಡಾಕ್ಟ್ರ ಹೆಸರಾಂತ ಅನಾಟಮಿ ಪುಸ್ತಕ ನೋಡಿ ಅರ್ಜೆಂಟಲ್ಲಿ ತೇಪೆ ಹಾಕಿದ್ದಾ? ಅದು 1543 ಅಲ್ವಾ.

ಹಳೇಪುಟ:
ಹಾಗೆ ಹೇಳೋದು ಅನ್ಯಾಯ ಸರ್. ಕೆಲವು ಬ್ಲಾಕ್‌ಗಳ ಮೇಲೇ 1530, 1531, 1532 ಅಂತ ಕೆತ್ತಿದೆ, ವೆಸಾಲಿಯಸ್‌ಗಿಂತ ಹತ್ತು ವರ್ಷ ಹಿಂದೆ. ಪ್ರಿಂಟರ್ ಸಿಮೋನ್ ದ ಕೊಲೀನ್ ಎಸ್ಟಿಯೆನ್‌ನ ಮಲತಂದೆ, ಅಂದ್ರೆ ಪ್ರೆಸ್ಸು ಮನೇದೇ. 1539ರಲ್ಲಿ ಅಚ್ಚು ನಡೀತಾ ಇರೋವಾಗ್ಲೇ ಎಟಿಯೆನ್ ದ ಲಾ ರಿವಿಯೇರ್ ಅನ್ನೋ ಸರ್ಜನ್ ಕೋರ್ಟಿಗೆ ಹೋದ, ಸೀಳಿದ್ದು ನಾನು ಚಿತ್ರಕ್ಕೆ ದುಡಿದಿದ್ದು ನಾನು ನನ್ನ ಹೆಸರೆಲ್ಲಿ ಅಂತ. ಕೇಸ್ ಮುಗಿದು ಅವನ ಹೆಸರೂ ಸೇರಿ ಪುಸ್ತಕ ಹೊರಗೆ ಬರೋಷ್ಟರಲ್ಲಿ ವೆಸಾಲಿಯಸ್ ಹೆಸರು ಮಾಡಿಯಾಗಿತ್ತು. ಸರ್ಜನ್ ಕೇಳಿದ್ದು ನ್ಯಾಯವೇ ಅನ್ಸತ್ತೆ ನಂಗೆ, ಆಗ ಚಾಕು ಹಿಡಿಯೋನು ಒಬ್ಬ, ಲ್ಯಾಟಿನ್‌ನಲ್ಲಿ ಬರೆದು ಹೆಸರು ತಗೊಳ್ಳೋನು ಇನ್ನೊಬ್ಬ. ಚಿತ್ರಗಳ ವಿಷಯಕ್ಕೆ ಬಂದ್ರೆ ವೆಸಾಲಿಯಸ್ದೇ ಮೇಲು, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಬೆನ್ನುಹುರಿ ಒಳಗೆ ಸಣ್ಣ ನಾಳ ಇದೆ ಅಂತ ಎಸ್ಟಿಯೆನ್ ಬರೆದಿದಾನೆ, ಅದು ಚಿಲ್ಲರೆ ವಿಷಯ ಅಲ್ಲ.

ಮರದಚ್ಚು:
+1. @ಬಿಳಿಕೋಟು, ಝೂಮ್ ಮಾಡಿ ನೆರಳಿನ ಗೀಟುಗಳನ್ನ ನೋಡಿ, ತೊಡೆ ಮೇಲೆ ಒಂದು ದಿಕ್ಕಿಗೆ ಹೋಗ್ತಾ ಇದ್ದಿದ್ದು ಚೌಕದ ಅಂಚಿಗೆ ಬಂದ ತಕ್ಷಣ ದಿಕ್ಕು ಬದಲಾದ್ರೆ ಅಲ್ಲಿ ತುಂಡು ಕೂರಿಸಿದಾರೆ ಅಂತಾನೇ. ಗಂಡಸರ ಚಿತ್ರಗಳಲ್ಲೂ ಹುಡುಕಿ, ಸಿಗತ್ತೆ.