ಸಭಾಪಾಲಕರ ಹೆಂಡತಿ ಕೊಲೆಯ ಜಾಡು ಹಿಡಿದರೆ: ಓದಿದವರು, ಬರೆದವರು, ಬಲ್ಲವರು ಹೇಳಿದ್ದು

ಕೋರಿಕೆ

ನಾನು ಹನ್ನೊಂದು ವರ್ಷಗಳಿಂದ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಣ್ಣ ಊರೊಂದರಲ್ಲಿ ವಾಸವಾಗಿದ್ದೇನೆ. ಊರ ನಡುವಿನ ಹುಲ್ಲುಬಯಲು, ಅದರ ತುದಿಯಲ್ಲಿ ಬಿಳಿಯ ಮರದ ಹಲಗೆಗಳ, ಕಾಂಗ್ರಿಗೇಶನಲ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಚರ್ಚು, ಅದಕ್ಕೆ ಒತ್ತಿಕೊಂಡೇ ಇರುವ, ಅಲ್ಲಿಯ ಪಾದ್ರಿಗಳಾದ ಸಭಾಪಾಲಕರ ಮನೆ, ಇವಿಷ್ಟೂ ನನ್ನ ಅಡುಗೆಮನೆಯ ಕಿಟಕಿಯಿಂದ ಕಾಣುತ್ತವೆ. ದಿನವೂ ಅವನ್ನು ನೋಡುತ್ತ, ಸಭಾಪಾಲಕರ ಹೆಂಡತಿಯೇ ಕೊಲೆಯೊಂದರ ಜಾಡು ಹಿಡಿಯುವ ಕಾದಂಬರಿಯನ್ನು ಕನ್ನಡದಲ್ಲಿ ಬರೆಯಲು ಆರಂಭಿಸಿದ್ದೇನೆ. ಇಂಗ್ಲಿಷಿನವರು ಕೋಝಿ ಮಿಸ್ಟರಿ ಎನ್ನುವ ಬಗೆ ಇದು. ರಕ್ತ, ಹಿಂಸೆಗಳನ್ನು ಪುಟದ ಮೇಲೆ ಚೆಲ್ಲದೆ, ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ನಡೆದ ಅಪರಾಧವನ್ನು ಪೊಲೀಸರಲ್ಲದ ಒಬ್ಬರು ಬಿಡಿಸುತ್ತಾರೆ.

ನಾಲ್ಕು ಅಧ್ಯಾಯಗಳು ಮುಗಿದಿವೆ. ಓದಿದ ಗೆಳತಿಯರು ಎರಡು ಆಕ್ಷೇಪಗಳನ್ನು ಎತ್ತಿದ್ದಾರೆ. ಪೊಲೀಸರಿರುವಾಗ ಈಕೆಗೇಕೆ ಈ ಉಸಾಬರಿ ಎಂಬುದು ಒಂದು. ಗಂಡನು ರಾತ್ರಿ ಊಟಕ್ಕೆ ಕುಳಿತಾಗಲೆಲ್ಲ, ಆ ದಿನ ತನ್ನ ಬಳಿ ಬಂದವರು ಹೇಳಿಕೊಂಡದ್ದನ್ನು ಹೆಂಡತಿಗೆ ಒಪ್ಪಿಸಿಬಿಡುವುದು ಸರಿ ಕಾಣುವುದಿಲ್ಲ ಎಂಬುದು ಇನ್ನೊಂದು. ಅದಿಲ್ಲದೆ ಆಕೆಗೆ ಸುಳಿವು ಸಿಗುವುದಾದರೂ ಎಲ್ಲಿಂದ? ಇಂಥ ಕಾದಂಬರಿಗಳನ್ನು ಓದಿದವರು, ಇಂಥ ಮನೆಗಳನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕು.

ಮೈಸೂರಿನ ಓದುಗರೊಬ್ಬರು

ಮೇಡಂ, ಮೊದಲಿಗೇ ಒಂದು ಎಚ್ಚರಿಕೆ. ಇಂಗ್ಲಿಷಿನಲ್ಲಿ ಸಭಾಪಾಲಕರನ್ನು ಮಿನಿಸ್ಟರ್ ಎನ್ನುತ್ತಾರಾದರೂ, ಎಲ್ಲಿಯೂ ‘ಮಿನಿಸ್ಟರ್ ಹೆಂಡತಿ’ ಎಂದು ಬರೆಯಬೇಡಿ. ಇಂಥದೊಂದು ಕಥೆಯನ್ನು ನಾನು ನಮ್ಮ ಓದುಗರ ಬಳಗದಲ್ಲಿ ಪರಿಚಯಿಸಿದಾಗ, ಅರ್ಧ ಗಂಟೆ ತಾಳ್ಮೆಯಿಂದ ಕೇಳಿದ ಹಿರಿಯರೊಬ್ಬರು, “ಅದೆಲ್ಲ ಸರಿ, ಆಕೆಯ ಯಜಮಾನರದು ಯಾವ ಖಾತೆ?” ಎಂದು ವಿಚಾರಿಸಿದರು. ‘ಫಾದರ್’ ಎಂದರೂ ಎಡವಟ್ಟೇ. ನಮ್ಮ ಓದುಗರಿಗೆ ಆ ಮಾತಿನಿಂದ ಹೊಳೆಯುವ ಕೆಥೋಲಿಕ್ ಪಾದ್ರಿಗಳಿಗೆ ಮದುವೆಯೇ ಇಲ್ಲ. ತಾವು ಬಳಸಿರುವ ‘ಸಭಾಪಾಲಕರು’ ಎಂಬ ಮಾತನ್ನೇ ಉಳಿಸಿಕೊಳ್ಳಿ.

ಓದಿದ್ದನ್ನು ಹೇಳುವುದಾದರೆ, ತಮ್ಮದೇ ರಾಜ್ಯದಲ್ಲಿ ನಡೆಯುವ ಕ್ಯಾಥರೀನ್ ಹಾಲ್ ಪೇಜ್ ಅವರ ‘ದಿ ಬಾಡಿ ಇನ್ ದಿ ಬೆಲ್‌ಫ್ರಿ’ 1990ರಲ್ಲಿ ಬಂದಿತು. ಅದರ ನಾಯಕಿ ಫೇತ್ ಫೇರ್‌ಚೈಲ್ಡ್ ನ್ಯೂಯಾರ್ಕಿನವಳು. ಔತಣಕೂಟಗಳಿಗೆ ಅಡುಗೆ ಮಾಡಿಕೊಡುವ ವೃತ್ತಿಯವಳು. ಸಭಾಪಾಲಕರ ಮಗಳಾಗಿದ್ದುಕೊಂಡು, ಸಭಾಪಾಲಕರನ್ನು ಮಾತ್ರ ಮದುವೆಯಾಗುವುದಿಲ್ಲವೆಂದು ಹಟ ತೊಟ್ಟು, ಕೊನೆಗೆ ಅಂಥವರನ್ನೇ ಮದುವೆಯಾಗಿ ಹಳ್ಳಿಯಂಥ ಊರಿಗೆ ಬಂದವಳು. ಹಸುಗೂಸನ್ನು ಎತ್ತಿಕೊಂಡು ಗಂಟೆಗೋಪುರಕ್ಕೆ ಹೋದಾಗ ಅಲ್ಲಿ ಹೆಣ ಕಾಣುತ್ತದೆ. ನನಗೆ ಮುಖ್ಯವೆನಿಸಿದ್ದು ಹೆಣವಲ್ಲ, ಆಕೆಗೆ ತನ್ನದೇ ಆದ ಕೆಲಸವೊಂದಿದೆ ಎಂಬುದು. ಗಂಡನ ಪದವಿಯಿಂದ ತೆರೆಯದ ಬಾಗಿಲುಗಳು ಅಡುಗೆಯಿಂದ ತೆರೆಯುತ್ತವೆ. ಇದಕ್ಕೆ ಎದುರಾಗಿ ಅಗಾಥಾ ಕ್ರಿಸ್ಟಿ 1930ರ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಕಾದಂಬರಿಯಲ್ಲಿ ಕಥೆ ಹೇಳುವ ಕೆಲಸವನ್ನು ಪಾದ್ರಿಗೆ, ಪತ್ತೆ ಮಾಡುವ ಕೆಲಸವನ್ನು ಪಕ್ಕದ ಮನೆಯ ಮಿಸ್ ಮಾರ್ಪಲ್‌ಗೆ ಕೊಟ್ಟುಬಿಟ್ಟರು. ಹೆಂಡತಿ ಗ್ರಿಸೆಲ್ಡಾ ಚೆನ್ನಾಗಿ ನಗಿಸುತ್ತಾಳೆ, ಅಷ್ಟೇ. ಅಷ್ಟು ಚುರುಕಿನ ಹೆಣ್ಣನ್ನು ಸುಮ್ಮನೆ ಕೂರಿಸಿದ್ದು ನನಗೆ ಇಂದಿಗೂ ಸಮಾಧಾನವಿಲ್ಲ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ನನ್ನಂಥವರು ಬೆನ್ನಟ್ಟುವಿಕೆಗಾಗಿ ಕಾಯುತ್ತಾರೆ. ಅದು ಇಲ್ಲಿ ಬರುವುದಿಲ್ಲವೆಂಬುದು ಮೊದಲ ಅಧ್ಯಾಯದ ಧಾಟಿಯಲ್ಲೇ ತಿಳಿಯುವಂತೆ ಬರೆಯಿರಿ.

ಅದೇ ರಾಜ್ಯದ ವುಸ್ಟರ್ ನಗರದ ಬಳಿಯ ಒಬ್ಬರು

ನಾನು ಕ್ರೈಸ್ತಳಲ್ಲ. ಆದರೆ ನಮ್ಮ ಊರಿನ ಚರ್ಚಿನಲ್ಲಿ ತಿಂಗಳಿಗೊಮ್ಮೆ ಎಲ್ಲರಿಗೂ ಊಟ ಹಾಕುವ ಪದ್ಧತಿಯಿದ್ದು, ಚಿತ್ರಾನ್ನ ಕಲಸಿಕೊಡುವ ನೆಪದಲ್ಲಿ ಆ ಅಡುಗೆಮನೆಗೆ ಹೋಗಿ ಬರುತ್ತಿದ್ದೇನೆ. ಸುಳಿವು ಎಲ್ಲಿಂದ ಸಿಗಬೇಕು ಎಂಬ ತಮ್ಮ ಪ್ರಶ್ನೆಗೆ ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಸಾವಾದ ಮನೆಗೆ ಊರಿನವರು ಕ್ಯಾಸರೋಲ್ ಎಂಬ ಓವನ್ನಿನ ಅಡುಗೆಯನ್ನು ಬೇಯಿಸಿ ಅಗಲವಾದ ಗಾಜಿನ ಪಾತ್ರೆಯಲ್ಲಿ ಕೊಟ್ಟುಬರುವುದು ಇಲ್ಲಿಯ ರೂಢಿಯೆಂಬುದು ತಮಗೂ ಗೊತ್ತಿರುತ್ತದೆ. ಪಾತ್ರೆಯ ತಳಕ್ಕೆ ಮಾಸ್ಕಿಂಗ್ ಟೇಪಿನ ತುಂಡೊಂದನ್ನು ಅಂಟಿಸಿ, ಅದರ ಮೇಲೆ ಮನೆಯೊಡತಿ ತನ್ನ ಹೆಸರನ್ನು ಬರೆದಿರುತ್ತಾಳೆ. ನಾವು ಸ್ಟೀಲಿನ ಪಾತ್ರೆಗಳಿಗೆ ಹೆಸರು ಹಾಕಿಸುವ ಹಾಗೆ. ಒಂದೆರಡು ವಾರ ಕಳೆದ ಮೇಲೆ ಖಾಲಿ ಪಾತ್ರೆಗಳೆಲ್ಲ ಚರ್ಚಿನ ಅಡುಗೆಮನೆಯ ಮೇಜಿಗೆ ಬಂದು ಸೇರುತ್ತವೆ. ಅವನ್ನು ವಿಂಗಡಿಸಿ ಹಿಂದಿರುಗಿಸುವ ಕೆಲಸ ಯಾರೂ ಹೇಳದೆಯೇ ಸಭಾಪಾಲಕರ ಹೆಂಡತಿಯ ಪಾಲಿಗೆ ಬೀಳುತ್ತದೆ. ಸಂಬಳ ಒಬ್ಬರಿಗೆ, ಕೆಲಸಕ್ಕೆ ಇಬ್ಬರು ಎಂಬ ಹಳೆಯ ಲೆಕ್ಕಾಚಾರ ಈಗ ಸಡಿಲವಾಗಿದೆಯಾದರೂ ಪೂರ್ತಿ ಅಳಿದಿಲ್ಲ.

ಒಮ್ಮೆ ನಾನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿದ್ದೆ. ಆಕೆ ಒಂದೊಂದೇ ಪಾತ್ರೆಯನ್ನು ಬೋರಲು ಹಾಕಿ ಹೆಸರು ಓದುತ್ತಿದ್ದರು. ಒಂದರ ತಳದಲ್ಲಿ ಟೇಪ್ ಇರಲಿಲ್ಲ. ಕಿತ್ತ ಕಡೆ ಅಂಟಿನ ಆಯತಾಕಾರದ ಗುರುತು ಮಾತ್ರ ಉಳಿದಿತ್ತು. ಆಕೆ ಪಾತ್ರೆಯನ್ನು ನೆಟ್ಟಗೆ ಮಾಡಿ, ಎಡಮೂಲೆಯಲ್ಲಿ ಕಪ್ಪಗೆ ಸೀದು ಕಚ್ಚಿಕೊಂಡಿದ್ದ ಚೀಸನ್ನು ಉಗುರಿನಿಂದ ಕೆರೆದು ನೋಡಿ, “ಈ ಓವನ್ ಯಾವಾಗಲೂ ಎಡಕ್ಕೇ ಸೀಯುತ್ತದೆ,” ಎಂದಷ್ಟೇ ಹೇಳಿ ಅದನ್ನು ಬೇರೆಯಾಗಿ ಎತ್ತಿಟ್ಟರು. ಯಾರದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಮನೆಯವರಿಗೂ ಸಾವಾದ ಮನೆಯವರಿಗೂ ವರ್ಷಗಳಿಂದ ಮಾತಿರಲಿಲ್ಲವೆಂಬುದು ಆಮೇಲೆ ಬೇರೆಯವರಿಂದ ತಿಳಿಯಿತು. ಹೆಸರು ಕಿತ್ತು ಊಟ ಕಳುಹಿಸಿದ್ದರಲ್ಲಿ ಸಂಕೋಚದ ಹೊರತು ಮತ್ತೇನೂ ಇರಲಿಲ್ಲ. ಆದರೆ ಕಾದಂಬರಿಯಲ್ಲಿ ಅದೇ ಪಾತ್ರೆ ಏನಾಗಬಹುದೆಂದು ಯೋಚಿಸಿ ನೋಡಿ. ಇದು ಗಂಡ ತಂದುಕೊಟ್ಟ ಮಾಹಿತಿಯಲ್ಲ, ಹತ್ತಾರು ಭಾನುವಾರಗಳಲ್ಲಿ ಹತ್ತಾರು ಒಲೆಗಳ ಅಡುಗೆಯನ್ನು ಉಂಡ ನಾಲಗೆಗೆ ತಾನಾಗಿ ದಕ್ಕಿದ ತಿಳಿವಳಿಕೆ.

ಬಾಸ್ಟನ್ ಸಮೀಪದ ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವರೊಬ್ಬರು

ತಮ್ಮ ಗೆಳತಿಯರ ಎರಡನೆಯ ಆಕ್ಷೇಪಕ್ಕೆ ಕಾನೂನಿನ ಬೆಂಬಲವೂ ಇದೆ. ಮ್ಯಾಸಚೂಸೆಟ್ಸ್ ಕಾನೂನು ಸಂಹಿತೆಯ 233ನೆಯ ಅಧ್ಯಾಯದ 20ಎ ಕಲಮಿನ ಪ್ರಕಾರ, ಧಾರ್ಮಿಕ ಸಲಹೆ ಅಥವಾ ಸಾಂತ್ವನ ಬಯಸಿ ಬಂದವರು ಪಾದ್ರಿ, ಯೆಹೂದಿ ಧರ್ಮಗುರುಗಳಾದ ರಬ್ಬಿ ಅಥವಾ ದೀಕ್ಷೆ ಪಡೆದ ಸಭಾಪಾಲಕರಲ್ಲಿ ಹೇಳಿಕೊಂಡದ್ದನ್ನು, ಹಾಗೆ ಹೇಳಿಕೊಂಡವರ ಒಪ್ಪಿಗೆಯಿಲ್ಲದೆ ಅವರು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹೇಳುವಂತಿಲ್ಲ. ಊಟದ ಮೇಜಿನ ಬಳಿ ಎಲ್ಲವನ್ನೂ ಉಸುರಿಬಿಡುವ ಸಭಾಪಾಲಕರು ಓದುಗರ ಕಣ್ಣಿನಲ್ಲಿ ಮೊದಲ ಅಧ್ಯಾಯದಲ್ಲೇ ಸಣ್ಣವರಾಗುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ಆ ಕಲಂ ಹೆಸರಿಸುವುದು ಸಭಾಪಾಲಕರನ್ನೇ ಹೊರತು ಅವರ ಹೆಂಡತಿಯನ್ನಲ್ಲ. ಅಡುಗೆಮನೆಯಲ್ಲಿ ಆಕೆಯ ಮುಂದೆ ಕಣ್ಣೀರಿಟ್ಟವಳ ಮಾತಿಗೆ ಈ ರಕ್ಷಣೆ ಸಿಗದು. ಕಟಕಟೆಗೆ ಕರೆದು ಕೇಳಿದರೆ ಈ ಕಲಮಿನ ಆಸರೆ ಆಕೆಗಿಲ್ಲ. ಒಂದೇ ಸೂರಿನಡಿ ಇರುವ ಗಂಡ ಹೆಂಡತಿಯರಲ್ಲಿ ಒಬ್ಬರು ಹೇಳುವಂತಿಲ್ಲ, ಇನ್ನೊಬ್ಬರು ಹೇಳದಿರುವಂತಿಲ್ಲ. ಇದಕ್ಕಿಂತ ಒಳ್ಳೆಯ ಇಕ್ಕಟ್ಟು ಕಥೆಗಾರರಿಗೆ ಬೇಕೆ?

ಪೊಲೀಸರ ವಿಷಯವೂ ಸುಲಭ. ಬಾಸ್ಟನ್‌ನಂಥ ಕೆಲವು ನಗರಗಳನ್ನು ಬಿಟ್ಟರೆ, ಈ ರಾಜ್ಯದಲ್ಲಿ ಕೊಲೆಯ ತನಿಖೆಯನ್ನು ನಡೆಸುವವರು ಜಿಲ್ಲಾ ಅಟಾರ್ನಿಯ, ಅಂದರೆ ಜಿಲ್ಲೆಯ ಸರ್ಕಾರಿ ಅಭಿಯೋಜಕರ, ಕಚೇರಿಗೆ ನಿಯೋಜಿತರಾದ ರಾಜ್ಯ ಪೊಲೀಸ್ ಪತ್ತೇದಾರರು. ಹಾಗಾಗಿ ಊರನ್ನು ಬಲ್ಲ ಊರಿನ ಪೊಲೀಸ್ ಮುಖ್ಯಸ್ಥ ಬದಿಗೆ ಸರಿಯುತ್ತಾನೆ, ಊರನ್ನು ಅರಿಯದ ಹೊರಗಿನವರು ಬಂದು ಪ್ರಶ್ನೆ ಕೇಳುತ್ತಾರೆ. ಅವರಿಗೆ ಯಾರೂ ಬಾಯಿ ಬಿಡುವುದಿಲ್ಲ. ಆಕೆಯ ಉಸಾಬರಿಗೆ ಬೇರೆ ಕಾರಣವನ್ನು ಹುಡುಕುವ ಅಗತ್ಯವೇ ಇಲ್ಲ.

ಹುಬ್ಬಳ್ಳಿಯ ಹಿರಿಯರೊಬ್ಬರು

ತಂಗಿ, ನಾನು ಸಭಾಪಾಲಕರ ಮಗಳು. ಅಂದರೆ ನೀನು ಬರೆಯುತ್ತಿರುವಂಥ ಹೆಂಗಸೊಬ್ಬಳ ಮಗಳು. ನಿನ್ನ ಕಥೆ ಅಮೆರಿಕದಲ್ಲೇ ಇರಲಿ, ಇಲ್ಲಿಗೆ ತರಬೇಡ. ಆದರೆ ನಮ್ಮ ಅವ್ವನ ಒಂದೆರಡು ಸಂಗತಿಗಳು ಉಪಯೋಗಕ್ಕೆ ಬಂದಾವು.

ನಮ್ಮ ಮನೆಗೆ ಎರಡು ಬಾಗಿಲುಗಳಿದ್ದವು. ಅಪ್ಪನನ್ನು ಕಾಣಲು ಬಂದವರು ಮುಂಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ಅವ್ವನಿಗಾಗಿ ಬಂದವರು ಹಿತ್ತಿಲಿನಿಂದ ಬಂದು, “ಒಂದು ಬಟ್ಟಲ ಸಕ್ಕರೆ ಐತೇನ್ರಿ ಅಮ್ಮಾರ?” ಎಂದು ನಿಲ್ಲುತ್ತಿದ್ದರು. ಸಕ್ಕರೆ ನಿಜವಾಗಿಯೂ ಬೇಕಾದವರು ಬಟ್ಟಲು ತಂದಿರುತ್ತಿದ್ದರು. ಬರಿಗೈಯಲ್ಲಿ ಬಂದವರನ್ನು ಅವ್ವ ಒಳಗೆ ಕರೆದು, ಹಸಿ ಕಾಳನ್ನೋ ಸೊಪ್ಪನ್ನೋ ಮುಂದಿಟ್ಟು, ಬಿಡಿಸಲು ಹೇಳುತ್ತಿದ್ದಳು. ಕೈಗೆ ಕೆಲಸ ಸಿಕ್ಕಿದರೆ ಬಾಯಿ ತಾನೇ ಬಿಚ್ಚುತ್ತದೆ ಎಂಬುದು ಅವಳ ಲೆಕ್ಕ. ಹಾಗೆ ಕೇಳಿದ್ದನ್ನು ಅವಳು ಅಪ್ಪನಿಗೂ ಹೇಳುತ್ತಿರಲಿಲ್ಲ; ಅಪ್ಪ ಮುಂದಿನ ಕೋಣೆಯಲ್ಲಿ ಕೇಳಿದ್ದನ್ನು ಅವಳೂ ಕೇಳುತ್ತಿರಲಿಲ್ಲ. ಒಂದೇ ಮನೆಯ ಒಂದೇ ಜಗಳದ ಎರಡು ಅರ್ಧಗಳು ನಮ್ಮ ಮನೆಯ ಎರಡು ಕೋಣೆಗಳಲ್ಲಿ ಇರುತ್ತಿದ್ದವು, ಅವು ಕೂಡುತ್ತಿರಲಿಲ್ಲ.

ಇನ್ನೊಂದು ಮಾತು. ನಾವಿದ್ದ ಮನೆ ಸಭೆಯದು, ಅಂದರೆ ಚರ್ಚಿನದು, ನಮ್ಮದಲ್ಲ. ನಿನ್ನ ಊರಿನಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ ಇದ್ದೀತು. ಒಂದು ಊರಿನಲ್ಲಿ ಅವ್ವ ಕಾಣಿಕೆ ಹಣದ ಲೆಕ್ಕದಲ್ಲಿ ಹೆಚ್ಚುಕಡಿಮೆಯಾದದ್ದನ್ನು ಗುರುತಿಸಿ ಒಂದೇ ಒಂದು ಪ್ರಶ್ನೆ ಕೇಳಿದಳು. ಅವಳ ಅನುಮಾನ ಸರಿಯಾಗಿತ್ತು. ಆದರೂ ಆರು ತಿಂಗಳೊಳಗೆ ನಮ್ಮ ಪಾತ್ರೆಪಗಡಗಳು ಲಾರಿಯಲ್ಲಿದ್ದವು. ನಿನ್ನ ನಾಯಕಿ ಪ್ರಶ್ನೆ ಕೇಳುವಾಗಲೆಲ್ಲ ತಾನು ಮಲಗುವ ಕೋಣೆಯನ್ನು ಪಣಕ್ಕೆ ಇಡುತ್ತಿರುತ್ತಾಳೆ ಎಂಬುದು ನಿನ್ನ ಲಕ್ಷ್ಯದಲ್ಲಿರಲಿ. ಕೋಝಿ ಎಂದ ಮಾತ್ರಕ್ಕೆ ಅದೊಂದು ಭಯವನ್ನು ತೆಗೆದುಹಾಕಬೇಡ.

ಕೋರಿಕೆಯವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಕುಳಿತು, ಊಟದ ಮೇಜಿನ ಸಂಭಾಷಣೆಗಳನ್ನು ನಾಲ್ಕೂ ಅಧ್ಯಾಯಗಳಿಂದ ಹೊಡೆದುಹಾಕಿದೆ. ಹತ್ತೊಂಬತ್ತು ಪುಟಗಳು ಹೋದವು. ಈಗ ಆ ಮೇಜಿನ ಬಳಿ ಗಂಡ ಉಪ್ಪು ಕೇಳುತ್ತಾನೆ, ಹೆಂಡತಿ ಕೊಡುತ್ತಾಳೆ, ಇಬ್ಬರಿಗೂ ಗೊತ್ತಿರುವುದನ್ನು ಇಬ್ಬರೂ ಹೇಳುವುದಿಲ್ಲ. ವುಸ್ಟರ್ ಬಳಿಯ ಅಕ್ಕನವರಲ್ಲಿ ಒಂದು ವಿನಂತಿ: ಟೇಪ್ ಕಿತ್ತ ಆ ಪಾತ್ರೆಯನ್ನು ನಾನು ಐದನೆಯ ಅಧ್ಯಾಯಕ್ಕೆ ತೆಗೆದುಕೊಳ್ಳಬಹುದೇ? ಓವನ್ ಬಲಕ್ಕೆ ಸೀಯುವ ಹಾಗೆ ಬದಲಿಸಿಕೊಳ್ಳುತ್ತೇನೆ.