ಲಂಡನ್ನಿಗೆ ಐದು ಗಂಟೆ, ವಾಪಸು ಬರಲು ಹದಿನೈದು ಗಂಟೆಯೇ?

ಪ್ರಶ್ನೆ (ಮಂಡ್ಯದ ಸದಸ್ಯೆ): ನಮಸ್ಕಾರ ಸರ್. ಜನವರಿಯಲ್ಲಿ ನಮ್ಮ ತಾಯಿ ಮೊದಲ ಬಾರಿಗೆ ವಿಮಾನದಲ್ಲಿ, ಲಂಡನ್ನಿನಲ್ಲಿರುವ ತಮ್ಮನ ಮನೆಗೆ ಹೊರಟಿದ್ದಾರೆ. ನೇರ ವಿಮಾನ. ಬೆಂಗಳೂರು ಬಿಡುವುದು ಮಧ್ಯಾಹ್ನ 1.30ಕ್ಕೆ, ಹೀಥ್ರೂ ತಲುಪುವುದು ಅದೇ ಸಂಜೆ 6.30ಕ್ಕೆ. ಬರುವಾಗ ರಾತ್ರಿ 8.30ಕ್ಕೆ ಹೊರಟು ಮಾರನೆಯ ದಿನ ಬೆಳಿಗ್ಗೆ 11.45ಕ್ಕೆ ಬೆಂಗಳೂರು. ದಾರಿ ಒಂದೇ ಅಲ್ಲವೇ? ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ನಿಜಕ್ಕೂ ಎಷ್ಟು ಹೊತ್ತು ಕುಳಿತಿರಬೇಕು?

ಉತ್ತರ (ವಿಮಾನ ಮಾರ್ಗ ಯೋಜನೆಯ ನಿವೃತ್ತ ಅಧಿಕಾರಿ, ಮೈಸೂರು): ಟಿಕೆಟ್‌ನಲ್ಲಿ ಆಯಾ ಊರಿನ ಸಮಯವನ್ನೇ ಮುದ್ರಿಸುತ್ತಾರಮ್ಮ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 6.30 ಎಂದರೆ ಮಂಡ್ಯದಲ್ಲಿ ನಡುರಾತ್ರಿ 12. ಅಂದರೆ ಹೋಗಲು ಹತ್ತೂವರೆ ಗಂಟೆ. ಬರುವಾಗ ಅಲ್ಲಿನ 8.30 ನಮ್ಮ ಬೆಳಗಿನ ಜಾವ 2 ಗಂಟೆ. ಪ್ರಯಾಣ ಒಂಬತ್ತೂ ಮುಕ್ಕಾಲು ಗಂಟೆ. ಮಾತ್ರೆ, ಇನ್ಸುಲಿನ್, ಊಟದ ವೇಳೆಯನ್ನು ಈ ಲೆಕ್ಕ ತೋರಿಸಿ ವೈದ್ಯರ ಬಳಿ ಬರೆಸಿಕೊಳ್ಳಿ. ಔಷಧಿ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿಗೆ ಹಾಕಲೇಬೇಡಿ.

ಉಳಿದ ಮುಕ್ಕಾಲು ಗಂಟೆಯ ವ್ಯತ್ಯಾಸ ಬಹುಮಟ್ಟಿಗೆ ಗಾಳಿಯದು. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹ ಹರಿಯುತ್ತದೆ. ಚಳಿಗಾಲದಲ್ಲಿ ಅದರ ಬಿರುಸು ಹೆಚ್ಚು. ಗಂಟೆಗೆ ಸುಮಾರು 900 ಕಿ.ಮೀ. ವೇಗದ ವಿಮಾನಕ್ಕೆ 100 ಕಿ.ಮೀ. ಗಾಳಿ ಎದುರಾದರೆ ನೆಲದ ಲೆಕ್ಕದಲ್ಲಿ ಸಿಗುವುದು 800; ಬೆನ್ನಿಗೆ ಬಂದರೆ 1,000.

ಪ್ರಶ್ನೆ (ಮದ್ದೂರಿನ ಸದಸ್ಯ): ಸರ್, ದೂರ ಸುಮಾರು 8,000 ಕಿ.ಮೀ. ಎಂದು ಓದಿದ್ದೇನೆ. 900ರಿಂದ ಭಾಗಿಸಿದರೆ ಒಂಬತ್ತು ಗಂಟೆಯೂ ಆಗುವುದಿಲ್ಲವಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ಶಾಲೆಯ ಭೂಗೋಳದ ಮೇಲೆ ಬೆಂಗಳೂರಿನಿಂದ ಲಂಡನ್ನಿಗೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿ. ಮುಂಬೈ ಕಡೆಯ ಕರಾವಳಿ, ಬಲೂಚಿಸ್ತಾನ, ಇರಾನ್ ದಾಟಿ ಕ್ಯಾಸ್ಪಿಯನ್ ಸಮುದ್ರದತ್ತ ಏರುತ್ತದೆ. ನೀವು ಓದಿದ 8,000 ಈ ದಾರದ ಉದ್ದ. ವಿಮಾನ ಹಾರುವುದು ಅನುಮತಿ ಸಿಕ್ಕ ದಾರಿಯಲ್ಲಿ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೊರಟವು ಅರಬ್ಬಿ ಸಮುದ್ರದ ಮೇಲೆ ಬಳಸಿ ಹೋಗಬೇಕಾಯಿತು. ಜೊತೆಗೆ, ಟಿಕೆಟ್‌ನ ಸಮಯ ಹಾರಾಟದ್ದಷ್ಟೇ ಅಲ್ಲ. ನಿಲುಗಡೆಯಿಂದ ಕದಲಿದ ಕ್ಷಣದಿಂದ ಅಲ್ಲಿ ಮತ್ತೆ ನಿಲ್ಲುವವರೆಗಿನದು. ರನ್‌ವೇಗೆ ಸಾಲಿನಲ್ಲಿ ಕಾಯುವುದು, ಹೀಥ್ರೂ ಮೇಲೆ ಇಳಿಯುವ ಸರದಿಗಾಗಿ ಸುತ್ತು ಹಾಕುವುದು ಎಲ್ಲವೂ ಅದರೊಳಗೆ.

ಪ್ರಶ್ನೆ (ಮಂಡ್ಯದ ಸದಸ್ಯೆ): ಈಗ ಅರ್ಥವಾಯಿತು ಸರ್. ಹಾಗಾದರೆ ಮನೆ ಎಷ್ಟು ಗಂಟೆಗೆ ಬಿಡಬೇಕು?

ಉತ್ತರ: ಮೂರು ಗಂಟೆ ಮೊದಲು, ಅಂದರೆ 10.30ಕ್ಕೆ ಟರ್ಮಿನಲ್ ಬಾಗಿಲಲ್ಲಿರಿ. ಎಕ್ಸ್‌ಪ್ರೆಸ್‌ವೇಯಲ್ಲಿ ಕೆಂಗೇರಿಯವರೆಗೆ ಚಿಂತೆಯಿಲ್ಲ. ಅಲ್ಲಿಂದ ದೇವನಹಳ್ಳಿಗೆ ಬೆಳಗಿನ ಕಚೇರಿ ಸಮಯದ ಸಂಚಾರ ದಟ್ಟಣೆ ಸಿಗುತ್ತದೆ. ಮಂಡ್ಯವನ್ನು 6 ಗಂಟೆಗೇ ಬಿಡಿ. ತಿಂಡಿ ಬುತ್ತಿ ಕಟ್ಟಿಕೊಳ್ಳಿ. ಸಕ್ಕರೆ ಕಾಯಿಲೆಯವರು ಹಸಿದು ಕೂರಬಾರದು. ಗಾಲಿಕುರ್ಚಿ ಬೇಕಿದ್ದರೆ ವಿಮಾನ ಸಂಸ್ಥೆಗೆ ಇಂದೇ ತಿಳಿಸಿ.